ಹದಿಮೂರು ವರ್ಷ ಕಾದ ಆಲ್ಬಂ ಮೊದಲ ರಾತ್ರಿಯೇ ನಿರಾಸೆ ತಂದರೆ

ಪ್ರಶ್ನೆ: ನಾನು ಹುಬ್ಬಳ್ಳಿಯವನು, ವಯಸ್ಸು ನಲವತ್ತರ ಸಮೀಪ. 2006ರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಗೆಳೆಯನೊಬ್ಬ ಅಮೆರಿಕದ ಟೂಲ್ ಎಂಬ ರಾಕ್ ಬ್ಯಾಂಡಿನ ‘10,000 ಡೇಸ್’ ಆಲ್ಬಂ ಅನ್ನು ಸಿ.ಡಿ.ಗೆ ಹಾಕಿ ಕೊಟ್ಟ. ಆ ವರ್ಷ ನಮ್ಮಜ್ಜಿ ಹಾಸಿಗೆ ಹಿಡಿದಿದ್ದರು. ರಾತ್ರಿ ಅವರ ಬಳಿ ಕೂರುವ ಸರದಿ ನನ್ನದಾದಾಗಲೆಲ್ಲ ಇಯರ್‌ಫೋನಿನಲ್ಲಿ ಅದನ್ನೇ ಕೇಳುತ್ತಿದ್ದೆ. ಆಮೇಲೆ ಆ ಬ್ಯಾಂಡಿನ ಮುಂದಿನ ಆಲ್ಬಂಗಾಗಿ ಹದಿಮೂರು ವರ್ಷ ಕಾದೆ. 2019ರಲ್ಲಿ ‘ಫಿಯರ್ ಇನಾಕ್ಯುಲಮ್’ ಬಂದ ರಾತ್ರಿ ಫೋನಿನಲ್ಲಿ ಪೂರ್ತಿ ಕೇಳಿ ಮುಗಿಸಿದಾಗ ಮನಸ್ಸು ಖಾಲಿಯಾಗಿತ್ತು. ಹಾಡುಗಳು ಮುಗಿಯುವುದೇ ಇಲ್ಲ, ಗಾಯಕ ಹಾಡುವುದೇ ಕಡಿಮೆ, ಹಳೆಯ ಆವೇಶ ಎಲ್ಲೂ ಇಲ್ಲ ಎನ್ನಿಸಿತು. ಸಿ.ಡಿ. ಕೊಟ್ಟ ಅದೇ ಗೆಳೆಯ ಇದನ್ನು ಅವರ ಅತ್ಯುತ್ತಮ ಕೃತಿ ಎನ್ನುತ್ತಾನೆ. ‘ನಿನಗೆ ವಯಸ್ಸಾಯಿತು, ಫೋನಿನಲ್ಲಿ ಕೇಳಿದರೆ ಪೂರ್ತಿ ಸಿಗುವುದಿಲ್ಲ, ಪರದೆ ಇರುವ ಆ ದುಬಾರಿ ಆವೃತ್ತಿ ತರಿಸಿಕೊ’ ಎಂದೂ ಹೇಳುತ್ತಾನೆ. ಈ ವಿಷಯಕ್ಕೆ ನಮ್ಮಲ್ಲಿ ಮಾತು ಬೆಳೆದು ಮನಸ್ತಾಪವೂ ಆಗಿದೆ. ಬ್ಯಾಂಡಿನ ಶಕ್ತಿ ಬತ್ತಿತೋ, ನನ್ನ ಕಿವಿ ಕೆಟ್ಟಿತೋ? ಗಾಯಕನ ಕಂಠ ಹೋಗಿದೆಯೇ? ದುಬಾರಿ ಆವೃತ್ತಿ ಕೊಂಡರೆ ವ್ಯತ್ಯಾಸವಾಗುತ್ತದೆಯೇ? ಈ ಆಲ್ಬಂ ಅನ್ನು ಬಿಟ್ಟುಬಿಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ. ಇಷ್ಟು ವರ್ಷ ಜೊತೆಗಿದ್ದ ಸಂಗೀತವು ಈಗ ನಿಮ್ಮನ್ನು ಮುಟ್ಟದೇ ಹೋದುದಕ್ಕೆ ಕೊರತೆ ಅದರಲ್ಲಿದೆಯೋ ನಿಮ್ಮಲ್ಲಿದೆಯೋ ಎಂಬುದು ತಿಳಿಯದೆ ನೀವು ಕಂಗೆಟ್ಟಿದ್ದೀರಿ. ಧ್ವನಿಮುದ್ರಣ ಮತ್ತು ಮಿಕ್ಸಿಂಗ್ (ಕಂಠ, ವಾದ್ಯಗಳ ಮುದ್ರಣಗಳನ್ನು ಹದವಾಗಿ ಬೆರೆಸುವ) ಕೆಲಸದಲ್ಲಿ ಮೂರು ದಶಕ ಕಳೆದಿರುವ ನನ್ನ ಅನುಭವದಲ್ಲಿ, ದೀರ್ಘ ಬಿಡುವಿನ ನಂತರ ಬಂದ ಆಲ್ಬಂಗಳ ಬಗ್ಗೆ ಹೀಗೆ ಕೇಳಿದವರು ನೀವು ಮೊದಲಿಗರಲ್ಲ. ಆ ರಾತ್ರಿ ನೀವು ಆಲ್ಬಂ ಅನ್ನು ಮಾತ್ರ ಕೇಳಲಿಲ್ಲ. ಅದರ ಜೊತೆಗೆ ಹದಿಮೂರು ವರ್ಷದ ನಿರೀಕ್ಷೆಯನ್ನೂ ಕೇಳಿದಿರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇವೆರಡನ್ನೂ ಬಿಡಿಸಿ ನೋಡದ ಹೊರತು ನಿಮ್ಮ ಗೆಳೆಯರ ಮೆಚ್ಚುಗೆಯಾಗಲಿ ನಿಮ್ಮ ನಿರಾಸೆಯಾಗಲಿ ಎಷ್ಟರಮಟ್ಟಿಗೆ ಸರಿ ಎಂದು ಹೇಳುವುದು ಕಷ್ಟ.

ಅಭಿಮಾನಿಗಳಲ್ಲಿ ಗಟ್ಟಿಯಾಗಿ ಬೇರೂರಿರುವ ತಪ್ಪು ತಿಳಿವಳಿಕೆಯೆಂದರೆ, ಹದಿಮೂರು ವರ್ಷ ಕಳೆದಿದೆಯೆಂದ ಮೇಲೆ ಹದಿಮೂರು ವರ್ಷದ ಶ್ರಮವೂ ಆ ಆಲ್ಬಂನಲ್ಲಿರಬೇಕು ಎಂಬುದು. ವಾಸ್ತವ ಹಾಗಿಲ್ಲ. ಬ್ಯಾಂಡಿನ ಚಿತ್ರಕಲೆಯ ಶ್ರೇಯಸ್ಸಿನ ವಿಚಾರವಾಗಿ 2007ರಲ್ಲಿ ಆರಂಭವಾದ ವ್ಯಾಜ್ಯವು ವಿಮಾ ಕಂಪನಿಯ ಜೊತೆಗಿನ ಮೊಕದ್ದಮೆಯಾಗಿ ಬೆಳೆದು 2015ರವರೆಗೂ ಎಳೆಯಿತು. ವಕೀಲರ ಕಚೇರಿಗೆ ಓಡಾಡುವ ಮನಸ್ಸಿನಲ್ಲಿ ಸಂಗೀತ ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ಬ್ಯಾಂಡಿನವರೇ ಹೇಳಿಕೊಂಡಿದ್ದಾರೆ. ಗಾಯಕ ಮೇನಾರ್ಡ್ ಜೇಮ್ಸ್ ಕೀನನ್ ಈ ಅವಧಿಯಲ್ಲಿ ಪಸಿಫರ್ ಎಂಬ ತಂಡದಲ್ಲಿ ಹಾಡಿದರು, ಅರಿಜೋನಾದಲ್ಲಿ ದ್ರಾಕ್ಷಿ ಬೆಳೆದು ವೈನ್ ತಯಾರಿಸಿದರು, ಎ ಪರ್ಫೆಕ್ಟ್ ಸರ್ಕಲ್ ತಂಡದೊಂದಿಗೆ 2018ರಲ್ಲಿ ಆಲ್ಬಂ ಹೊರತಂದರು. ಹೀಗಾಗಿ ತಡಕ್ಕೆಲ್ಲ ಅವರೇ ಕಾರಣವೆಂದು ಅನೇಕ ಅಭಿಮಾನಿಗಳು ಬೈದರು. ಆದರೆ ಈ ಬ್ಯಾಂಡಿನ ಕೆಲಸದ ಪದ್ಧತಿಯೇ ಬೇರೆ. ಗಿಟಾರಿನ ಆಡಮ್ ಜೋನ್ಸ್, ಬೇಸ್ ಗಿಟಾರಿನ ಜಸ್ಟಿನ್ ಚಾನ್ಸಲರ್, ಡ್ರಮ್ಸಿನ ಡ್ಯಾನಿ ಕ್ಯಾರಿ ಈ ಮೂವರೂ ಮೊದಲು ವಾದ್ಯಭಾಗವನ್ನು ಕಟ್ಟಿ, ತಿದ್ದಿ, ಅದು ಒಂದು ರೂಪಕ್ಕೆ ಬಂದ ಮೇಲೆ ಗಾಯಕ ಅದರ ಮೇಲೆ ಸಾಹಿತ್ಯವನ್ನೂ ಧಾಟಿಯನ್ನೂ ಬರೆಯುತ್ತಾರೆ. ಅಡಿಪಾಯವೇ ಮುಗಿಯದಿರುವಾಗ ಗಾಯಕ ಕಾಯಲೇಬೇಕಾಗುತ್ತದೆ.

ಇದು ನಿಮ್ಮ ಎರಡು ದೂರುಗಳಿಗೂ ನೇರವಾಗಿ ಸಂಬಂಧಿಸಿದೆ. ಆ ಮೂವರು ವರ್ಷಗಟ್ಟಲೆ ಕೋಣೆಯಲ್ಲಿ ಕುಳಿತು ನುಡಿಸಿ ಕಟ್ಟಿದ ಸಂಗೀತದಲ್ಲಿ ಹಾಡುಗಳು ಉದ್ದವಾಗುವುದೂ ಕಂಠಕ್ಕೆ ಸಿಗುವ ಜಾಗ ಕಡಿಮೆಯಾಗುವುದೂ ಸಹಜ. ಆಲ್ಬಂನ ಆರು ಮುಖ್ಯ ಹಾಡುಗಳಲ್ಲಿ ಪ್ರತಿಯೊಂದೂ ಹತ್ತು ನಿಮಿಷ ದಾಟುತ್ತದೆ. ಮೊದಲಕ್ಷರದ ಜಾಗದಲ್ಲಿ 7 ಎಂಬ ಅಂಕಿಯನ್ನೇ ಬರೆದಿರುವ ‘ಟೆಂಪೆಸ್ಟ್’ ಹದಿನೈದು ನಿಮಿಷವನ್ನೂ ಮೀರುತ್ತದೆ. ಗಾಯಕನ ಕಂಠ ಹೋಗಿದೆಯೇ ಎಂಬ ಪ್ರಶ್ನೆಗೆ, ಹೋಗಿಲ್ಲ, ಬದಲಾಗಿದೆ ಎಂಬುದೇ ನನ್ನ ಉತ್ತರ. 1964ರಲ್ಲಿ ಹುಟ್ಟಿದ ಕೀನನ್ ಅವರಿಗೆ ಆಗ ಐವತ್ತೈದು ವರ್ಷ. ವಯಸ್ಸಾದಂತೆ ಧ್ವನಿತಂತುಗಳ ಸ್ಥಿತಿಸ್ಥಾಪಕ ಗುಣ ಕುಗ್ಗುತ್ತದೆ. ಇಪ್ಪತ್ತೈದರಲ್ಲಿ ಕಿರುಚಿ ಹಾಡಿ ಮರುದಿನ ಮತ್ತೆ ಹಾಡಬಲ್ಲವರಿಗೆ ಐವತ್ತೈದರಲ್ಲಿ ಅದೇ ಹಾಡಿನ ನಂತರ ಹೆಚ್ಚು ವಿಶ್ರಾಂತಿ ಬೇಕಾಗುತ್ತದೆ. ಆದರೂ ‘ಟೆಂಪೆಸ್ಟ್’ನಲ್ಲಿ ಅವರು ಹಲ್ಲು ಕಚ್ಚಿ ಹಾಡುವುದನ್ನು ಕೇಳಿದರೆ ಉಳಿದೆಡೆಯ ಮೆಲುದನಿ ಅಶಕ್ತಿಯಲ್ಲ, ಆಯ್ಕೆ ಎಂಬುದು ಗೊತ್ತಾಗುತ್ತದೆ. ಇನ್ನೊಂದು ಮಾತು. ನಮ್ಮ ಚಲನಚಿತ್ರಗೀತೆಗಳಲ್ಲಿ ಕಂಠವನ್ನು ಎಲ್ಲ ವಾದ್ಯಗಳಿಗಿಂತ ಮುಂದಕ್ಕೆ ತಂದು ಕೂರಿಸುತ್ತೇವೆ. ನಾನು ಮಾಡಿದ ಮಿಕ್ಸಿಂಗ್‌ಗಳಲ್ಲಿ ಬಹುಪಾಲು ಹಾಗೆಯೇ ಇವೆ. ಟೂಲ್ ಮೊದಲಿನಿಂದಲೂ ಕಂಠವನ್ನು ಇನ್ನೊಂದು ವಾದ್ಯದಂತೆ ಗಿಟಾರುಗಳ ನಡುವೆ ಇರಿಸುತ್ತ ಬಂದಿದೆ. ಕಂಠವನ್ನು ಹಿಡಿದು ಹಾಡಿನೊಳಗೆ ಹೋಗುವ ಅಭ್ಯಾಸದ ಕಿವಿಗೆ ಇಲ್ಲಿ ಬಾಗಿಲು ಸಿಗಲು ಹೊತ್ತಾಗುತ್ತದೆ.

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಬಂದು ಹೋಗಿದ್ದರೂ ನನಗೆ ಅದೇ ಮುಖ್ಯವೆನಿಸಿತು. ‘10,000 ಡೇಸ್’ ಎಂಬ ಹೆಸರು ಸುಮಾರು ಇಪ್ಪತ್ತೇಳು ವರ್ಷಗಳನ್ನು ಸೂಚಿಸುತ್ತದೆ. ಪಾರ್ಶ್ವವಾಯುವಿಗೆ ತುತ್ತಾಗಿ ಅಷ್ಟು ಕಾಲ ನರಳಿ 2003ರಲ್ಲಿ ತೀರಿಕೊಂಡ ತಮ್ಮ ತಾಯಿಯನ್ನು ನೆನೆದು ಕೀನನ್ ಆ ಆಲ್ಬಂನ ಎರಡು ಭಾಗಗಳ ದೀರ್ಘ ಹಾಡನ್ನು ಬರೆದರು. ಹಾಸಿಗೆ ಹಿಡಿದ ಅಜ್ಜಿಯ ಪಕ್ಕದಲ್ಲಿ ಕುಳಿತು, ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ನೀವು ಕೇಳಿದ್ದು ಆ ಹಾಡನ್ನು. ಸುಮಾರು ಹತ್ತರಿಂದ ಮೂವತ್ತರೊಳಗಿನ ವಯಸ್ಸಿನಲ್ಲಿ ಎದುರಾದ ಅನುಭವಗಳು ಉಳಿದ ವಯಸ್ಸಿನವಕ್ಕಿಂತ ದಟ್ಟವಾಗಿ ನೆನಪಿನಲ್ಲಿ ಉಳಿಯುತ್ತವೆಂದು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಸಂಗೀತದ ವಿಷಯದಲ್ಲಿ ಇದು ಇನ್ನೂ ಬಲವಾಗಿ ಕಾಣುತ್ತದೆ. ಆ ಆಲ್ಬಂ ನಿಮ್ಮ ಪಾಲಿಗೆ ಸಂಗೀತವಷ್ಟೇ ಆಗಿರದೆ ಆ ಕೋಣೆ, ಆ ದೀಪ, ಅಜ್ಜಿಯ ಉಸಿರು ಎಲ್ಲವೂ ಸೇರಿದ ಒಂದು ಕಾಲವಾಗಿದೆ. ಹೊಸ ಆಲ್ಬಂ ಎಷ್ಟೇ ಶ್ರೇಷ್ಠವಾಗಿದ್ದರೂ ಅಂಥದೊಂದು ಕಾಲವನ್ನು ಜೊತೆಯಲ್ಲಿ ತರಲಾರದು. ಮೂವತ್ತಮೂರರ ನೀವು, ಬಹುಶಃ ಮರುದಿನ ಕಚೇರಿಗೆ ಹೋಗಬೇಕಾದ ರಾತ್ರಿಯಲ್ಲಿ, ಹೊಸ ಆಲ್ಬಂ ಅನ್ನು ಒಂದೇ ಸಲ ಕೇಳಿ ಆ ಕಾಲದೊಂದಿಗೆ ತೂಗಿದಿರಿ.

ನೆನಪು ಹಳೆಯ ಧ್ವನಿಮುದ್ರಣವನ್ನು ಹೇಗೆ ಹಿಗ್ಗಿಸುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹನ್ನೊಂದು ವರ್ಷ ಚದುರಿಹೋಗಿ ಮತ್ತೆ ಒಂದಾದ ಬೆಂಗಳೂರಿನ ಒಂದು ತಂಡದ ಮಿಕ್ಸಿಂಗ್ ನನ್ನ ಪಾಲಿಗೆ ಬಂದಿತ್ತು. ಡ್ರಮ್ಸಿನ ಸದ್ದು ಹಳೆಯ ಆಲ್ಬಂನಷ್ಟು ಭಾರವಾಗಿಲ್ಲ ಎಂದು ಅವರು ಮೂರು ದಿನ ನನ್ನಿಂದ ತಿದ್ದಿಸಿದರು. ನಾಲ್ಕನೆಯ ದಿನ ಆ ಹಳೆಯ ಆಲ್ಬಂ ಅನ್ನೇ ತರಿಸಿ, ಎರಡರ ಜೋರನ್ನೂ ಸಮಮಾಡಿ, ಒಂದರ ಹಿಂದೆ ಒಂದನ್ನು ನುಡಿಸಿದೆ. ಹಳೆಯದು ಎಲ್ಲರಿಗೂ ತೆಳುವಾಗಿ ಕೇಳಿಸಿತು. ಡ್ರಮ್ಸ್ ನುಡಿಸುವವರು ಬಹಳ ಹೊತ್ತು ಮಾತನಾಡಲಿಲ್ಲ. ಸ್ವತಃ ನುಡಿಸಿದವರಿಗೇ ಹೀಗಾಗುವುದಾದರೆ ಕೇಳುಗರ ಮಾತೇನು?

ನಿರೀಕ್ಷೆ ಎಷ್ಟು ಕಾಲದ್ದು ಎಂಬುದಕ್ಕಿಂತ ಅದನ್ನು ಹೇಗೆ ಬೆಳೆಸಲಾಯಿತು ಎಂಬುದು ಅಭಿಮಾನಿಗಳ ಪ್ರತಿಕ್ರಿಯೆಯನ್ನು ಹೆಚ್ಚು ರೂಪಿಸುತ್ತದೆ. ಮೈ ಬ್ಲಡಿ ವ್ಯಾಲೆಂಟೈನ್ ತಂಡವು 1991ರ ‘ಲವ್‌ಲೆಸ್’ ಆದ ಮೇಲೆ ಇಪ್ಪತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಆಲ್ಬಂ ತರದೆ, 2013ರ ಫೆಬ್ರವರಿ 2ರಂದು ಹೆಚ್ಚಿನ ಮುನ್ಸೂಚನೆಯಿಲ್ಲದೆ ತಾನೇ ಬಿಡುಗಡೆ ಮಾಡಿತು. ಕೊಳ್ಳಲು ಜನ ಒಮ್ಮೆಲೇ ಮುಗಿಬಿದ್ದು ತಂಡದ ಜಾಲತಾಣವೇ ಕುಸಿಯಿತು. ಅದಕ್ಕೆ ಸಿಕ್ಕ ಸ್ವಾಗತ ಬೆಚ್ಚಗಿತ್ತು. ಗನ್ಸ್ ಎನ್ ರೋಸಸ್ ತಂಡದ ‘ಚೈನೀಸ್ ಡೆಮಾಕ್ರಸಿ’ ಆಲ್ಬಂನ ಕಥೆ ಇದಕ್ಕೆ ತದ್ವಿರುದ್ಧ. 1991ರ ನಂತರ ಹೊಸ ರಚನೆಗಳ ಆಲ್ಬಂಗಾಗಿ ಹದಿನೇಳು ವರ್ಷ ಬೇಕಾಯಿತು. ಖರ್ಚು ಒಂದು ಕೋಟಿ ಮೂವತ್ತು ಲಕ್ಷ ಡಾಲರ್ ಮುಟ್ಟಿತೆಂದು ಪತ್ರಿಕೆಗಳು ಬರೆದವು. ಬರುತ್ತದೆ ಬರುತ್ತದೆ ಎಂಬ ಮಾತು ಹಲವು ಸಲ ಹುಸಿಯಾಯಿತು. ಹಾಡುಗಳ ಕಚ್ಚಾ ರೂಪಗಳು ಸೋರಿ ಅಭಿಮಾನಿಗಳ ಕೈ ಸೇರಿದ್ದವು. ಹೆಸರುವಾಸಿ ಸದಸ್ಯರಲ್ಲಿ ಗಾಯಕ ಆಕ್ಸಲ್ ರೋಸ್ ಬಿಟ್ಟರೆ ಉಳಿದವರು ಹೊರಟುಹೋಗಿದ್ದರು. 2008ರ ನವೆಂಬರಿನಲ್ಲಿ ಅದು ಬಂದಾಗ ಹಾಡುಗಳ ಬಗ್ಗೆ ಮಾತನಾಡಿದವರಿಗಿಂತ ಆ ಹದಿನೇಳು ವರ್ಷಗಳ ಬಗ್ಗೆ ಮಾತನಾಡಿದವರೇ ಹೆಚ್ಚು. ಅದರಲ್ಲಿ ಒಳ್ಳೆಯ ಹಾಡುಗಳಿವೆ, ಅವಕ್ಕೆ ನ್ಯಾಯ ಸಿಗಲಿಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ.

ಟೂಲ್‌ನದು ಇವೆರಡರ ನಡುವಿನ ದಾರಿ. 2019ರ ಮೇ ತಿಂಗಳಲ್ಲಿ ಎರಡು ಹೊಸ ಹಾಡುಗಳನ್ನು ವೇದಿಕೆಯ ಮೇಲೆ ನುಡಿಸಿದರು, ಆಗಸ್ಟ್ 2ರಂದು, ಅಲ್ಲಿಯವರೆಗೂ ಸ್ಟ್ರೀಮಿಂಗ್‌ನಲ್ಲಿ ಸಿಗದಿದ್ದ ಹಳೆಯ ಆಲ್ಬಂಗಳನ್ನೆಲ್ಲ ಒಮ್ಮೆಗೇ ತೆರೆದಿಟ್ಟರು, ಆಗಸ್ಟ್ 7ರಂದು ಶೀರ್ಷಿಕೆಗೀತೆ ಬಂತು, 30ರಂದು ಆಲ್ಬಂ. ಹತ್ತು ನಿಮಿಷ ಮೀರಿದ ಆ ಶೀರ್ಷಿಕೆಗೀತೆಯು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ನೂರು ಜನಪ್ರಿಯ ಹಾಡುಗಳ ಪಟ್ಟಿಗೆ ಅಲ್ಲಿಯವರೆಗೆ ಪ್ರವೇಶಿಸಿದವುಗಳಲ್ಲಿ ಅತಿ ಉದ್ದದ ಹಾಡಾಯಿತು. ಆಲ್ಬಂ ಅಮೆರಿಕದಲ್ಲಿ ಮೊದಲ ವಾರ ಸುಮಾರು 2,70,000 ಪ್ರತಿಗಳಿಗೆ ಸಮನಾದ ಲೆಕ್ಕ ಪಡೆದು, ಟೇಲರ್ ಸ್ವಿಫ್ಟ್ ಅವರ ಆಲ್ಬಂ ಅನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೇರಿತು. ‘ಟೆಂಪೆಸ್ಟ್’ಗೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು. ನಿಮ್ಮ ಗೆಳೆಯರು ಈ ಅಂಕಿಗಳನ್ನು ಸಾಕ್ಷಿಯಾಗಿ ಮುಂದಿಟ್ಟರೆ ಒಂದು ಮಾತು ಹೇಳಿ: ಮೊದಲ ವಾರ ಕೊಂಡವರು ಕೇಳಿ ಕೊಂಡವರಲ್ಲ, ಕೊಂಡು ಕೇಳಿದವರು. ಆ ಸಂಖ್ಯೆಯಿಂದ ಜನ ಎಷ್ಟು ಆಸೆಯಿಂದ ಕಾದಿದ್ದರು ಎಂಬುದು ತಿಳಿಯುತ್ತದೆಯೇ ವಿನಾ ಆಲ್ಬಂನ ಗುಣ ತಿಳಿಯುವುದಿಲ್ಲ. ಆ ವಾರದ ಹೊಗಳಿಕೆಗೂ ನಿಮ್ಮ ನಿರಾಸೆಗೂ ಇದೇ ಮಾತು ಅನ್ವಯಿಸುತ್ತದೆ.

ಫೋನಿನಲ್ಲಿ ಪೂರ್ತಿ ಸಿಗುವುದಿಲ್ಲ ಎಂಬ ಗೆಳೆಯರ ಮಾತು ಅಕ್ಷರಶಃ ತಪ್ಪು. ಡಿಜಿಟಲ್ ರೂಪದಲ್ಲಿ ಹತ್ತು ಟ್ರ್ಯಾಕುಗಳಿದ್ದು 86 ನಿಮಿಷ ದಾಟುತ್ತದೆ. ಸಿ.ಡಿ.ಯ ಮೇಲೆ ಸುಮಾರು 80 ನಿಮಿಷಕ್ಕಿಂತ ಹೆಚ್ಚು ಹಿಡಿಸುವುದಿಲ್ಲವಾದ್ದರಿಂದ ಮೂರು ಕಿರು ವಾದ್ಯತುಣುಕುಗಳನ್ನು ಕೈಬಿಟ್ಟು ಏಳು ಟ್ರ್ಯಾಕುಗಳನ್ನು ಮಾತ್ರ ಅದರಲ್ಲಿ ಇರಿಸಿದ್ದಾರೆ. ಆ ವಿಶೇಷ ಆವೃತ್ತಿಯಲ್ಲಿ ನಾಲ್ಕು ಇಂಚಿನ ಪರದೆ, ಎರಡು ವಾಟ್‌ನ ಪುಟ್ಟ ಸ್ಪೀಕರ್, ಚಿತ್ರಗಳ ಪುಸ್ತಕ ಇವೆ. ಹಳೆಯ ಆಲ್ಬಂನ ಹೊದಿಕೆಯಲ್ಲೇ ಮಸೂರಗಳನ್ನು ಜೋಡಿಸಿ ಚಿತ್ರಗಳನ್ನು ಮೂರು ಆಯಾಮದಲ್ಲಿ ತೋರಿಸಿದ್ದ ಬ್ಯಾಂಡ್ ಇದು. ಅಂಥ ಕಲಾಕೃತಿಯಾಗಿ ಅದನ್ನು ಕೊಳ್ಳುವುದಾದರೆ ಸಂತೋಷ. ಧ್ವನಿ ಸುಧಾರಿಸಲೆಂದು ಕೊಳ್ಳುವುದಾದರೆ ಹಣ ವ್ಯರ್ಥ.

ಆದರೂ ಗೆಳೆಯರ ಮಾತಿನೊಳಗೆ ಒಂದು ಸತ್ಯದ ಎಳೆ ಇದೆ. ರಾತ್ರಿ ಮನೆಮಂದಿ ಮಲಗಿದ ಮೇಲೆ ಸಣ್ಣ ದನಿಯಲ್ಲಿ ಕೇಳಿದ್ದರೆ ನಿಮಗೆ ಆಲ್ಬಂನ ಒಂದು ಭಾಗ ನಿಜವಾಗಿಯೂ ದಕ್ಕಿರುವುದಿಲ್ಲ. ಜೋರು ಕಡಿಮೆಯಾದಂತೆ ನಮ್ಮ ಕಿವಿಯು ಮಧ್ಯದ ಸ್ವರಗಳಿಗಿಂತ ತಗ್ಗಿನ ಸ್ವರಗಳನ್ನು ಬಹಳ ಬೇಗ ಕಳೆದುಕೊಳ್ಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಈ ಆಲ್ಬಂನ ಜೀವವಿರುವುದು ಬೇಸ್ ಗಿಟಾರ್ ಮತ್ತು ಡ್ರಮ್ಸಿನ ಕೆಳಭಾಗದಲ್ಲಿ. ಅದು ಮಾಯವಾದರೆ ಉಳಿಯುವುದು ಗಿಟಾರಿನ ಒಂದೇ ತುಣುಕನ್ನು ಹತ್ತು ನಿಮಿಷ ಕೇಳುತ್ತಿರುವ ಅನುಭವ. ಮುಗಿಯುವುದೇ ಇಲ್ಲ ಎಂದು ನೀವು ಬರೆದುದಕ್ಕೆ ಇದು ಒಂದು ಕಾರಣವಿರಬಹುದು. ಅಭಿಮಾನಿಗಳು ಧ್ವನಿಯ ಬಗ್ಗೆ ದೂರಿದಾಗಲೆಲ್ಲ ಅದು ಭ್ರಮೆಯೆಂದು ತಳ್ಳಿಹಾಕುವವನು ನಾನಲ್ಲ. 2008ರಲ್ಲಿ ಮೆಟಾಲಿಕಾ ಬ್ಯಾಂಡಿನ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಬಂದಾಗ, ಜೋರು ಹೆಚ್ಚಿಸುವ ಭರದಲ್ಲಿ ಸದ್ದು ಒಡೆದಿದೆ ಎಂದು ಸಾವಿರಾರು ಅಭಿಮಾನಿಗಳು ಮನವಿಗೆ ಸಹಿ ಹಾಕಿದರು. ಅದೇ ಹಾಡುಗಳು ಗಿಟಾರ್ ಹೀರೊ ಎಂಬ ವಿಡಿಯೊ ಆಟದಲ್ಲಿ ಹೆಚ್ಚು ತಿಳಿಯಾಗಿ ಕೇಳುತ್ತಿದ್ದುದನ್ನು ಪತ್ತೆಹಚ್ಚಿದವರೂ ಅವರೇ. ಅವರ ದೂರು ಸರಿಯಾಗಿತ್ತು. ‘ಫಿಯರ್ ಇನಾಕ್ಯುಲಮ್’ನಲ್ಲಿ ಆ ದೋಷ ಇಲ್ಲ, ಜೋ ಬರೇಸಿ ಅವರ ಮಿಕ್ಸಿಂಗ್‌ನಲ್ಲಿ ವಾದ್ಯಗಳ ನಡುವೆ ಗಾಳಿಯಾಡುವಷ್ಟು ಜಾಗವಿದೆ.

ಇನ್ನು ಏನು ಮಾಡಬಹುದೆಂಬ ಪ್ರಶ್ನೆ. ಬಿಟ್ಟುಬಿಡುವುದು ಖಂಡಿತ ಒಂದು ದಾರಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದೇ ರಾತ್ರಿಯ, ಅದೂ ಅಂಥ ರಾತ್ರಿಯ, ಕೇಳ್ಮೆಯನ್ನು ನಂಬಿ ಬಿಟ್ಟರೆ ತೀರ್ಪು ನಿರೀಕ್ಷೆಯದಾಗುತ್ತದೆ, ನಿಮ್ಮದಾಗುವುದಿಲ್ಲ. ಮತ್ತೆ ಮತ್ತೆ ಕೇಳು, ಹಿಡಿಸುತ್ತದೆ ಎಂಬ ಸಲಹೆಯನ್ನು ಅಭಿಮಾನಿಗಳು ಧಾರಾಳವಾಗಿ ಕೊಡುತ್ತಾರೆ. ಪರಿಚಯ ಹೆಚ್ಚಿದಂತೆ ಇಷ್ಟವೂ ಹೆಚ್ಚುತ್ತದೆಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯೊಂಟ್ಸ್ 1968ರಲ್ಲಿ ತೋರಿಸಿಕೊಟ್ಟದ್ದು ನಿಜ. ಹೆಣಿಗೆ ಸಂಕೀರ್ಣವಾಗಿರುವ ಸಂಗೀತಕ್ಕೆ ಅದು ಹೆಚ್ಚು ಸಲ್ಲುತ್ತದೆ. ಅಪಾಯವೂ ಅಲ್ಲೇ ಇದೆ. ಮೊದಲೇ ಕಿರಿಕಿರಿಯೆನಿಸಿದ್ದನ್ನು ಪಟ್ಟು ಹಿಡಿದು ಕೇಳಿದರೆ ಕಿರಿಕಿರಿಯೇ ಬೆಳೆಯಬಹುದು. ನಿಮ್ಮದು ಖಾಲಿತನವೇ ಹೊರತು ಜುಗುಪ್ಸೆಯಲ್ಲ ಎಂದು ಪತ್ರದಿಂದ ತೋರುವುದರಿಂದ, ದಿನಕ್ಕೆ ಒಂದೇ ಹಾಡಿನಂತೆ ವಾರಕ್ಕೆ ಮೂರು ದಿನ ಕೇಳುವುದರಿಂದ ಹಾನಿಯಿಲ್ಲ. 86 ನಿಮಿಷವನ್ನು ಒಂದೇ ಪಟ್ಟಿನಲ್ಲಿ ಕೇಳುವ ಹಟ ಮಾತ್ರ ಬೇಡ; ಮಿಕ್ಸಿಂಗ್ ಕೋಣೆಯಲ್ಲಿ ನಾವೇ ಮುಕ್ಕಾಲು ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ ಕಿವಿಗೆ ಬಿಡುವು ಕೊಡುತ್ತೇವೆ.

ನಾನು ಮನಸಾರೆ ಸೂಚಿಸುವ ದಾರಿ ತಾಳದ್ದು. ಡ್ಯಾನಿ ಕ್ಯಾರಿ ಅವರು ಆಲೋಕ್ ದತ್ತಾ ಎಂಬ ಗುರುಗಳಲ್ಲಿ ತಬಲಾ ಕಲಿತವರು. ಶೀರ್ಷಿಕೆಗೀತೆಯ ಆರಂಭದಲ್ಲೇ ತಬಲಾವನ್ನು ಹೋಲುವ ನಾದ ಕಿವಿಗೆ ಬೀಳುತ್ತದೆ. ಈ ಬ್ಯಾಂಡಿನ 2001ರ ‘ಸ್ಕಿಸಮ್’ ಹಾಡು ಐದು ಮತ್ತು ಏಳು ಎಣಿಕೆಗಳನ್ನು ಸರದಿಯಂತೆ ಹೆಣೆಯುತ್ತದೆ. ಹೊಸ ಆಲ್ಬಂನಲ್ಲಿ ಏಳು ಎಂಬ ಸಂಖ್ಯೆ ತಾಳದಲ್ಲೂ ಹೆಸರಿನಲ್ಲೂ ಮರಳಿ ಮರಳಿ ಬರುತ್ತದೆ. ಐದೆಣಿಕೆಯ ಖಂಡಛಾಪು, ಏಳೆಣಿಕೆಯ ಮಿಶ್ರಛಾಪು ತಾಳಗಳ ನೆಲದವರಾದ ನಮಗೆ ಇದು ಅಪರಿಚಿತವಲ್ಲ. ಗಾಯಕನಿಗಾಗಿ ಕಾಯುವುದನ್ನು ಬಿಟ್ಟು, ಏಳು ಎದುರಾದಲ್ಲೆಲ್ಲ ‘ತಕಿಟ ತಕಧಿಮಿ’ ಎಂದು ತೊಡೆಯ ಮೇಲೆ ತಟ್ಟುತ್ತ ಡ್ರಮ್ಸನ್ನು ಹಿಂಬಾಲಿಸಿ ನೋಡಿ. ಕಂಠವಿಲ್ಲದ ನಿಮಿಷಗಳು ಖಾಲಿಯಲ್ಲ ಎಂಬುದು ಆಗ ಗೊತ್ತಾಗುತ್ತದೆ. ಕ್ಯಾರಿ ‘ನ್ಯೂಮಾ’ ಹಾಡನ್ನು ವೇದಿಕೆಯಲ್ಲಿ ನುಡಿಸುವುದನ್ನು ಡ್ರಮ್ಸಿನ ಬಳಿಯಿಂದಲೇ ಚಿತ್ರಿಸಿದ ವಿಡಿಯೊ ಒಂದಿದೆ. ಆಲ್ಬಂ ಹಿಡಿಸದಿದ್ದ ನನ್ನ ಇಬ್ಬರು ವಿದ್ಯಾರ್ಥಿಗಳು ಅದನ್ನು ನೋಡಿದ ಮೇಲೆ ಮತ್ತೆ ಆಲ್ಬಂಗೆ ಮರಳಿದರು. ಹಾಗೆಂದು ಎಲ್ಲವನ್ನೂ ನಾನು ಸಮರ್ಥಿಸುವುದಿಲ್ಲ. ಕೆಲವು ರಿಫ್‌ಗಳು, ಅಂದರೆ ಮರಳಿ ಮರಳಿ ಬರುವ ಗಿಟಾರ್ ತುಣುಕುಗಳು, ಅವರದೇ ಹಳೆಯ ಆಲ್ಬಂಗಳ ನೆನಪನ್ನು ಅತಿಯಾಗಿ ತರುತ್ತವೆ, ‘ಕಲಿಂಗ್ ವಾಯ್ಸಸ್’ ಆರಂಭದಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಾಯಿಸುತ್ತದೆ. ನಿಮ್ಮ ನಿರಾಸೆಯಲ್ಲಿ ಇಷ್ಟು ಭಾಗಕ್ಕೆ ಆಲ್ಬಂನಲ್ಲೇ ಆಧಾರವಿದೆ.

ಮುಂದೆಂದಾದರೂ ಅವರ ಕಾರ್ಯಕ್ರಮವನ್ನು ನೇರವಾಗಿ ನೋಡುವ ಅವಕಾಶ ಬಂದರೆ ಹೋಗಿ, ಆದರೆ ಕಿವಿಗೆ ರಕ್ಷಣೆಯಿಲ್ಲದೆ ಹೋಗಬೇಡಿ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದರೆ, ಪ್ರತಿ ಮೂರು ಡೆಸಿಬಲ್ ಏರಿಕೆಗೂ ಆ ಅವಧಿ ಅರ್ಧಕ್ಕಿಳಿಯುತ್ತದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಆ ಪ್ರಕಾರ 100 ಡೆಸಿಬಲ್‌ನಲ್ಲಿ ಹದಿನೈದೇ ನಿಮಿಷ, ಅಂದರೆ ‘ಟೆಂಪೆಸ್ಟ್’ ಮುಗಿಯುವಷ್ಟೂ ಇಲ್ಲ. ರಾಕ್ ಕಾರ್ಯಕ್ರಮಗಳಲ್ಲಿ ಈ ಮಟ್ಟ ಸಾಮಾನ್ಯ. ನಿಮ್ಮ ಕಿವಿ ಕೆಟ್ಟಿದೆಯೇ ಎಂಬ ಅನುಮಾನ ನಿಜಕ್ಕೂ ಇದ್ದರೆ, ಅಂದರೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದೋ ಗದ್ದಲದಲ್ಲಿ ಮಾತು ತಿಳಿಯದಿರುವುದೋ ಕಂಡಿದ್ದರೆ, ಶ್ರವಣ ತಜ್ಞರಲ್ಲಿ ಆಡಿಯೊಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳಿ. ಅದಿಲ್ಲವಾದರೆ, ಒಂದು ಆಲ್ಬಂ ಹಿಡಿಸಲಿಲ್ಲವೆಂಬುದು ಕಿವಿ ಕೆಟ್ಟಿರುವುದರ ಲಕ್ಷಣವಲ್ಲ.

ಗೆಳೆಯರ ವಿಷಯ ಉಳಿಯಿತು. ಅವರನ್ನು ಒಂದು ಭಾನುವಾರ ಮನೆಗೆ ಕರೆಯಿರಿ. ಅಕ್ಕಪಕ್ಕದವರಿಗೆ ತೊಂದರೆಯಾಗದ ಹೊತ್ತಿನಲ್ಲಿ, ಒಳ್ಳೆಯ ಸ್ಪೀಕರುಗಳಲ್ಲಿ, ಎದುರು ಕುಳಿತವರೊಂದಿಗೆ ದನಿಯೆತ್ತದೆ ಮಾತನಾಡಲು ಬರುವಷ್ಟೇ ಜೋರಿನಲ್ಲಿ, ‘ನ್ಯೂಮಾ’ ಒಂದನ್ನೇ ನುಡಿಸಿ. ಮುಗಿಯುವವರೆಗೆ ಇಬ್ಬರೂ ಅಭಿಪ್ರಾಯ ಹೇಳಬೇಡಿ. ಆಮೇಲೆ ನೀವಿಬ್ಬರೂ 2006ರಲ್ಲಿ ಕೇಳಿದ ಹಳೆಯ ಆಲ್ಬಂನ ಆ ದೀರ್ಘ ಹಾಡನ್ನು ಅದೇ ಜೋರಿನಲ್ಲಿ ನುಡಿಸಿ, ಅಜ್ಜಿಯ ಕೋಣೆಯಲ್ಲಿ ಅದನ್ನು ಕೇಳುತ್ತಿದ್ದ ರಾತ್ರಿಗಳ ಬಗ್ಗೆ ಅವರಿಗೆ ಹೇಳಿ. ಸಿ.ಡಿ. ಕೊಟ್ಟವರು ಅವರೇ ಆದರೂ, ನೀವು ಅದನ್ನು ಎಲ್ಲಿ ಕುಳಿತು ಕೇಳುತ್ತಿದ್ದಿರಿ ಎಂಬುದು ಅವರಿಗೆ ಗೊತ್ತಿರಲಾರದು.